ಎಷ್ಟು ಸಲ ತಲೆ ಎತ್ತಿತು, ಎಣಿಸಿ ನೋಡು

ಈ ಸಲ ಅಂಕಣದ ಹೆಚ್ಚಿನ ಜಾಗ ಒಬ್ಬಳೇ ಹುಡುಗಿಗೆ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಜುಲೈನಲ್ಲಿ ಅವಳದೊಂದು ಪತ್ರ ಬಂತು. ಮುಂದಿನ ಸಂಚಿಕೆವರೆಗೆ ಕಾಯಿಸುವ ಪತ್ರ ಅಲ್ಲ ಅನಿಸಿ, ಅಂಚೆಯಲ್ಲೇ ಉತ್ತರ ಕಳಿಸಿದೆ. ನವೆಂಬರ್‌ನಲ್ಲಿ ಇನ್ನೊಂದು ಪತ್ರ ಬಂತು. ಅದನ್ನು ಓದಿದ ಮೇಲೆ, ಟೀಚರ್ ಟ್ರೈನಿಂಗ್‌ನಲ್ಲಿರುವ ಬೇರೆ ಪ್ರಶಿಕ್ಷಣಾರ್ಥಿಗಳ ಕೈಗೂ ಇದು ಸಿಗಬೇಕು ಅನಿಸಿತು. ಹಾಕಲಾ ಅಂತ ಕೇಳಿದೆ. "ಹೆಸರು, ಊರು ಬೇಡ ಟೀಚರ್, ಮಿಕ್ಕಿದ್ದು ಹಾಕಿ" ಅಂದಳು.

ಪ್ರಶ್ನೆ (ಜುಲೈ)

ನಮಸ್ಕಾರ ಟೀಚರ್. ನಾನು ಡಿ.ಇಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಎರಡನೇ ವರ್ಷ. ಇಂಟರ್ನ್‌ಶಿಪ್‌ಗೆ ನನ್ನನ್ನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಾಕಿದ್ದಾರೆ. ನಾಲ್ಕನೇ ತರಗತಿ, 31 ಮಕ್ಕಳು. ಮೂರು ವಾರ ಆಯಿತು. ರಾತ್ರಿ ಹನ್ನೊಂದರವರೆಗೆ ಕೂತು ಪಾಠ ಯೋಜನೆ ಬರೆಯುತ್ತೇನೆ. ಚಾರ್ಟು, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಎಲ್ಲ ಮಾಡುತ್ತೇನೆ. ಆದರೆ 40 ನಿಮಿಷಕ್ಕೆ ಅಂತ ತಂದದ್ದು 22 ನಿಮಿಷಕ್ಕೇ ಮುಗಿದುಹೋಗುತ್ತದೆ. ಆಮೇಲೆ ಕೈಕಾಲು ಆಡುವುದಿಲ್ಲ. ಒಬ್ಬ "ಮಿಸ್, ಒಂದಕ್ಕೆ" ಅಂತ ಎದ್ದರೆ ಹಿಂದೆಯೇ ಎಂಟು ಜನ ಏಳುತ್ತಾರೆ. ಕಾಲೇಜಿನಿಂದ ಬಂದ ಮೇಡಂ "ಯೋಜನೆ ಚೆನ್ನಾಗಿದೆ, ತರಗತಿ ನಿಯಂತ್ರಣ ಸಾಲದು" ಅಂತ ಬರೆದು ಹೋದರು. ನನಗೆ ಅರ್ಥವಾಗದ್ದು ಇನ್ನೊಂದಿದೆ. ನೋಟ್ಸ್ ಎಲ್ಲರೂ ಮುದ್ದಾಗಿ ಬರೆಯುತ್ತಾರೆ, ಪುಸ್ತಕ ನೋಡಿದರೆ ಖುಷಿಯಾಗುತ್ತದೆ. ಆದರೆ ಪ್ರಶ್ನೆ ಕೇಳಿದರೆ ದಿನಾ ಅದೇ ನಾಲ್ಕು ಕೈ ಏಳುತ್ತವೆ. ಮನೆಗೆ ಬಂದು ಅಳುತ್ತೇನೆ. ನಾನು ಈ ಕೆಲಸಕ್ಕೆ ಆಗುತ್ತೇನಾ? ಇಲ್ಲ ಈಗಲೇ ಬಿಟ್ಟು ಡಿಗ್ರಿಗೆ ಸೇರಲಾ?

ಒಬ್ಬ ಪ್ರಶಿಕ್ಷಣಾರ್ಥಿ, ಚಿತ್ರದುರ್ಗ ಜಿಲ್ಲೆ

ಉತ್ತರ

ಮಗಳೇ, ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ. 36 ವರ್ಷ ಸರ್ವಿಸ್ ಮಾಡಿ ರಿಟೈರ್ ಆದವಳು ನಾನು. ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ನನ್ನ ತರಗತಿಗೆ ಟ್ರೈನಿಂಗ್‌ಗೆ ಬಂದು ಹೋಗಿದ್ದಾರೆ. ಮೂರನೇ ವಾರದಲ್ಲಿ ಅಳದೆ ಇದ್ದವರು ಕಡಿಮೆ. ಡಿಗ್ರಿಯ ಯೋಚನೆಯನ್ನು 16ನೇ ವಾರಕ್ಕೆ ಎತ್ತಿಡು. ಇನ್ನೂ 13 ವಾರ ಇದೆ.

ನಾನು ಟಿಸಿಎಚ್ (ಆಗಿನ ಶಿಕ್ಷಕರ ತರಬೇತಿ) ಓದಿದ್ದು ಮೈಸೂರಿನಲ್ಲಿ, 1984ರಲ್ಲಿ. ಅಭ್ಯಾಸ ಪಾಠಕ್ಕೆ ಒಂದು ಮೂರನೇ ತರಗತಿ ಕೊಟ್ಟಿದ್ದರು. ಗಿಡದ ಭಾಗಗಳು ಅನ್ನುವ ಪಾಠ. ಡ್ರಾಯಿಂಗ್ ಶೀಟಿನ ಮೇಲೆ ದಾಸವಾಳದ ಗಿಡ ಬರೆದು ಬಣ್ಣ ಹಚ್ಚುವುದಕ್ಕೆ ಎರಡು ಸಂಜೆ ಕಳೆದಿದ್ದೆ. ಪಾಠ ಮಾಡುವಾಗ ನನ್ನ ಕಣ್ಣೆಲ್ಲ ಹಿಂದಿನ ಗೋಡೆಯ ಹತ್ತಿರ. ಅಲ್ಲಿ ನಮ್ಮ ಮೇಷ್ಟ್ರು ಕುರ್ಚಿ ಹಾಕಿಕೊಂಡು ನನ್ನ ಬಗ್ಗೆ ಬರೆಯುತ್ತಿದ್ದರು. ಅವರ ಪೆನ್ನು ಆಡಿದರೆ ನನ್ನ ಎದೆ ಧಸಕ್ ಅನ್ನುತ್ತಿತ್ತು. ಬೇರಿನ ಕೆಲಸ ಏನು ಅಂತ ಕೇಳಿದೆ, ಯಾರೂ ಹೇಳಲಿಲ್ಲ, ನಾನೇ ಹೇಳಿ ಮುಂದೆ ಹೋದೆ. ಕಾಂಡದ ಕೆಲಸ ಏನು ಅಂತ ಕೇಳಿದೆ, ಅದನ್ನೂ ನಾನೇ ಹೇಳಿದೆ. ಬೆಲ್ ಹೊಡೆಯುವುದಕ್ಕೆ ಇನ್ನೂ ಅರ್ಧ ಪೀರಿಯಡ್ ಇತ್ತು.

ಆ ತರಗತಿಯ ಟೀಚರಮ್ಮ ವಯಸ್ಸಾದವರು, ಮಾತು ಕಡಿಮೆ. ಸಂಜೆ ಬೀರುವಿಗೆ ಬೀಗ ಹಾಕುತ್ತಾ ನನಗೆ ಹೇಳಿದರು: "ನಾಳೆ ನೀನು ಪಾಠ ಮಾಡಬೇಡಮ್ಮ. ಮೂಲೆಯಲ್ಲಿ ಕೂತ್ಕೋ. ಒಂದೇ ಒಂದು ಮಗುವನ್ನ ನೋಡು. ಊಟದ ಬೆಲ್ ಹೊಡೆಯೋವರೆಗೂ ಬೇರೆ ಯಾರನ್ನೂ ನೋಡಬೇಡ. ಏನು ಕಾಣ್ತೋ ಅದನ್ನ ಬರೆದಿಡು."

ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿಯನ್ನು ಆರಿಸಿಕೊಂಡೆ. ಎರಡು ಜಡೆ, ಕೆಂಪು ಟೇಪು. ಗಲಾಟೆ ಮಾಡದ ಮಗು. ಟೀಚರಮ್ಮ ಬೋರ್ಡ್ ಮೇಲೆ ಒಂದು ವಾಕ್ಯ ಬರೆದರು: ಬೇರು ಮಣ್ಣಿನಿಂದ ನೀರನ್ನು ಹೀರುತ್ತದೆ. ಮಕ್ಕಳು ಬರೆದುಕೊಳ್ಳುವುದಕ್ಕೆ ಶುರು ಮಾಡಿದರು. ಈ ಹುಡುಗಿ ತಲೆ ಎತ್ತಿದಳು, "ಬೇ" ಬರೆದಳು. ತಲೆ ಎತ್ತಿದಳು, "ರು" ಬರೆದಳು. "ಣ್ಣಿ" ಬಂದಾಗ ಮೊದಲು "ಣ" ಬರೆದಳು, ಮತ್ತೆ ಬೋರ್ಡ್ ನೋಡಿ ಗುಡಿಸು ಹಾಕಿದಳು, ಮತ್ತೆ ನೋಡಿ ಕೆಳಗೆ ಒತ್ತು ಇಟ್ಟಳು. ಎಣಿಸಿದೆ. ನಾಲ್ಕು ಪದದ ವಾಕ್ಯಕ್ಕೆ 19 ಸಲ ತಲೆ ಎತ್ತಿದ್ದಳು. ಪಕ್ಕದಲ್ಲಿ ಕೂತ ಹುಡುಗಿ ಮೂರು ಸಲ ಎತ್ತಿ ಮುಗಿಸಿ, ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ನಾನು ನೋಡುತ್ತಿದ್ದ ಮಗು ಬರೆಯುತ್ತಿರಲಿಲ್ಲ, ಅಕ್ಷರಗಳ ಚಿತ್ರ ಬಿಡಿಸುತ್ತಿತ್ತು. ಪುಸ್ತಕ ತಿರುವಿ ನೋಡಿದೆ. ಒಂದು ಕಾಟು ಇಲ್ಲ, ಒಂದು ಗೀಚು ಇಲ್ಲ. ಪುಟ ಪುಟಕ್ಕೂ ಕೆಂಪು ಶಾಯಿಯಲ್ಲಿ "ಉತ್ತಮ". ಅದರಲ್ಲಿ ಎರಡು ನಾನೇ ಹಾಕಿದ್ದು.

ನಿನ್ನ ಪತ್ರದಲ್ಲಿ "ಎಲ್ಲರೂ ಮುದ್ದಾಗಿ ಬರೆಯುತ್ತಾರೆ, ಕೇಳಿದರೆ ನಾಲ್ಕೇ ಕೈ" ಅನ್ನುವ ಸಾಲು ಓದಿದಾಗ ನನಗೆ ಆ ಹುಡುಗಿಯೇ ನೆನಪಾದಳು. ನಾಳೆ ನೀನೂ ಇದನ್ನು ಮಾಡು. ನಿನ್ನ ಕ್ಲಾಸ್ ಟೀಚರ್ ಬೋರ್ಡ್ ಮೇಲೆ ಒಂದು ವಾಕ್ಯ ಬರೆಯಲಿ. ನೀನು ಪಕ್ಕಕ್ಕೆ ನಿಂತು, ಯಾವ ಮಗು ಎಷ್ಟು ಸಲ ತಲೆ ಎತ್ತುತ್ತದೆ ಎಣಿಸು. ದಿನಕ್ಕೆ ಐದಾರು ಮಕ್ಕಳು ಸಾಕು. ಪದಪದ ನೋಡಿ ಬರೆಯುವ ಮಗುವಿಗೆ ಓದು ಬರುತ್ತದೆ. ಅಕ್ಷರ ಅಕ್ಷರಕ್ಕೂ ತಲೆ ಎತ್ತುವ ಮಗುವನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಓದಿಸು. ಯಾರಿಗೆ ಏನು ಬರುತ್ತದೆ ಅಂತ ಒಂದು ವಾರದಲ್ಲಿ ನಿನಗೆ ತಿಳಿಯುತ್ತದೆ.

ನಾಲ್ಕನೇ ತರಗತಿಯಲ್ಲೇ ಇದು ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಮೂರರವರೆಗೆ ಮಕ್ಕಳು ನಲಿ-ಕಲಿಯಲ್ಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯಲ್ಲಿ ಇರುತ್ತಾರೆ. ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಅದು ಶುರುವಾದಾಗ ನಾನು ಅಲ್ಲೇ ಕೆಲಸದಲ್ಲಿದ್ದೆ. ನೆಲದ ಮೇಲೆ ಗುಂಪು, ಕೈಯಲ್ಲಿ ಕಾರ್ಡು, ಮಗು ತನ್ನ ಮೈಲಿಗಲ್ಲು ದಾಟಿಯೇ ಮುಂದೆ ಹೋಗುವುದು. ಹಿಂದೆ ಬಿದ್ದ ಮಗುವಿಗೂ ಅಲ್ಲಿ ಒಂದು ಜಾಗ ಇರುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಸಾಲು ಬೆಂಚು, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ನಲಿ-ಕಲಿಯ ಮೈಲಿಗಲ್ಲು ಮುಗಿಸದೆ ಬಂದ ಮಗು ಆ ದಿನದಿಂದ ಬೋರ್ಡ್ ನೋಡಿ ಬರೆಯುವುದನ್ನು ಕಲಿತುಬಿಡುತ್ತದೆ. ನಿಮ್ಮ ಶಾಲೆಯ ನಲಿ-ಕಲಿ ಟೀಚರ್ ಹತ್ತಿರ ಹೋಗಿ ಹಳೆಯ ಕಾರ್ಡು ಕೇಳು. ರ, ಗ, ಸ, ದ, ಅ ಇಂದಲೇ ಶುರು ಮಾಡು. ಸರ, ಅರಸ, ಗರಗಸ ಓದಲಿ. ಬಿಸಿಯೂಟ ಮುಗಿದು ಬೆಲ್ ಹೊಡೆಯುವ ತನಕ ಹತ್ತು ನಿಮಿಷ ಸಿಗುತ್ತದಲ್ವಾ, ಅಷ್ಟೇ ಸಾಕು. ಆದರೆ ಒಂದು ದಿನವೂ ತಪ್ಪಿಸಬೇಡ.

ನಾಲ್ಕು ಕೈಯ ವಿಷಯ. ಪ್ರಶ್ನೆ ಕೇಳಿದ ಮೇಲೆ ನೀನು ಎಷ್ಟು ಹೊತ್ತು ಕಾಯುತ್ತೀಯ? ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಇದರ ಮೇಲೆ ದೊಡ್ಡ ಕೆಲಸ ಮಾಡಿದರು. ತರಗತಿಗಳನ್ನು ಟೇಪ್ ಮಾಡಿ ಕೇಳಿದಾಗ, ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಅಷ್ಟೇ ಅಂತ ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಅಂದರೆ ಏನೂ ಅಲ್ಲ ಅನಿಸುತ್ತದೆ. ಮುಂದೆ ನಿಂತಾಗ ಅದು ಯುಗದ ಹಾಗೆ ಇರುತ್ತದೆ. ಮನಸ್ಸಿನಲ್ಲೇ ಒಂದು, ಎರಡು, ಮೂರು, ನಾಲ್ಕು, ಐದು ಎಣಿಸು. ಎಣಿಸಿ ಮುಗಿಯುವವರೆಗೆ ಕೈ ಎತ್ತಿದ ಯಾರನ್ನೂ ಹೆಸರು ಹಿಡಿದು ಕರೆಯಬೇಡ.

22 ನಿಮಿಷಕ್ಕೆ ಮುಗಿಯುವುದು ನಿನ್ನ ಮಾತು. ಉಳಿದ 18 ನಿಮಿಷ ಮಕ್ಕಳು ಕೈಯಿಂದ ಏನು ಮಾಡುತ್ತಾರೆ ಅನ್ನುವುದನ್ನು ಯೋಜನೆಯಲ್ಲಿ ಮೊದಲು ಬರೆ, ನಿನ್ನ ಮಾತನ್ನು ಆಮೇಲೆ ಬರೆ. ಚಾರ್ಟಿಗೆ ರಾತ್ರಿ ನಿದ್ದೆ ಕೆಡಬೇಡ. ಹತ್ತಕ್ಕೆ ಮಲಗು. ನಿದ್ದೆಗೆಟ್ಟ ಟೀಚರ್‌ಗೆ ಬೇಗ ಸಿಟ್ಟು ಬರುತ್ತದೆ. ಮತ್ತೆ ಬರೆ.

ಅವಳ ಎರಡನೇ ಪತ್ರ (ನವೆಂಬರ್)

ಟೀಚರ್, ನಮಸ್ಕಾರ. ನೀವು ಹೇಳಿದ ಹಾಗೆ ಎಣಿಸಿದೆ. 31ರಲ್ಲಿ ಒಂಬತ್ತು ಮಕ್ಕಳು ಅಕ್ಷರ ಅಕ್ಷರ ನೋಡಿ ಬರೆಯುತ್ತಿದ್ದರು. ಅವರಲ್ಲಿ ಇಬ್ಬರು ತರಗತಿಯಲ್ಲೇ ಅತಿ ಅಂದದ ಬರವಣಿಗೆಯವರು. ನಮ್ಮ ಕ್ಲಾಸ್ ಟೀಚರ್‌ಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀರುವಿನಿಂದ ಕಾರ್ಡು ತೆಗೆದುಕೊಟ್ಟರು.

ನಾನು ಹೇಳಬೇಕಾದದ್ದು ಮೂಲೆ ಬೆಂಚಿನ ಒಬ್ಬ ಹುಡುಗನ ವಿಷಯ. ಕಳೆಯುವ ಲೆಕ್ಕದಲ್ಲಿ ಅವನದು ಯಾವಾಗಲೂ ತಪ್ಪು. 42ರಲ್ಲಿ 17 ಕಳೆದರೆ 35 ಅಂತ ಬರೆಯುತ್ತಿದ್ದ. ನಾನು ಕೆಂಪು ಗುರುತು ಹಾಕಿ ಸರಿ ಉತ್ತರ ಬರೆದು ಕೊಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು "ಹೆಂಗೆ ಮಾಡಿದೆ ಹೇಳಪ್ಪ" ಅಂತ ಕೇಳಿದೆ. "ಎರಡರಾಗೆ ಏಳು ಹೋಗಲ್ಲ ಮಿಸ್, ಅದ್ಕೆ ಏಳರಾಗೆ ಎರಡು ತೆಗ್ದೆ" ಅಂದ. ಅವನ ಪುಸ್ತಕದ ಹಿಂದಿನ ಆರು ತಪ್ಪು ಲೆಕ್ಕ ತೆಗೆದು ನೋಡಿದೆ. ಆರೂ ಹಾಗೇ ಮಾಡಿದ್ದು. ಅವನು ಸುಮ್ನೆ ಏನೋ ಬರೆದಿರಲಿಲ್ಲ. ಅವನಿಗೆ ಒಂದು ದಾರಿ ಇತ್ತು, ನಾನು ಯಾವತ್ತೂ ಕೇಳಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ನಮ್ಮ ಕಡೆ ಶೇಂಗಾ ಕೀಳುವ ಕಾಲ. ಒಂದು ದಿನ 19 ಮಕ್ಕಳೇ ಬಂದಿದ್ದರು. ಅವತ್ತಿನ ಪಾಠ ಯೋಜನೆ ಪಕ್ಕಕ್ಕಿಟ್ಟೆ. ಮಕ್ಕಳ ಹತ್ತಿರವೇ ಶೇಂಗಾ ತರಿಸಿ, ಹಳೆ ಪೇಪರ್‌ನಲ್ಲಿ ಹತ್ತು ಹತ್ತು ಕಾಯಿ ಹಾಕಿ ಪೊಟ್ಟಣ ಕಟ್ಟಿಸಿದೆ. ಅವನ ಮುಂದೆ ನಾಲ್ಕು ಪೊಟ್ಟಣ, ಎರಡು ಬಿಡಿ ಕಾಯಿ. "ನನಗೆ 17 ಕೊಡು" ಅಂದೆ. ಒಂದು ಪೊಟ್ಟಣ ತಳ್ಳಿದ. ಎರಡು ಬಿಡಿ ಕೈಗೆತ್ತಿಕೊಂಡು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ, ನೀವು ಹೇಳಿದ ಹಾಗೆ ಮನಸ್ಸಿನಲ್ಲೇ ಎಣಿಸುತ್ತಾ ನಿಂತೆ. ಎಷ್ಟು ಎಣಿಸಿದೆನೋ ಗೊತ್ತಿಲ್ಲ. "ಮಿಸ್, ಪೊಟ್ಟಣ ಬಿಚ್ಚಲಾ?" ಅಂದ. ಬಿಚ್ಚಿ ಏಳು ಕೊಟ್ಟ, ಉಳಿದದ್ದು ಎಣಿಸಿದ. 24 ಬಂತು. ಇನ್ನೊಂದು ಸಲ ಎಣಿಸಿದರೂ 24. ಪಕ್ಕದವಳು "ಅವನ ಬಾಯಾಗೈತೆ ಮಿಸ್" ಅಂದಳು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಈಗ ಬೋರ್ಡ್ ಮೇಲೆ ಲೆಕ್ಕ ಬರೆದರೆ "ಇದಕ್ಕೆ ಪೊಟ್ಟಣ ಬಿಚ್ಚಬೇಕು", "ಇದಕ್ಕೆ ಬೇಡ" ಅಂತ ಅವರೇ ಕೂಗುತ್ತಾರೆ. ಬೆಲ್ ಹೊಡೆದದ್ದು ಗೊತ್ತೇ ಆಗುವುದಿಲ್ಲ.

ಮುಂದಿನ ಶನಿವಾರ ನನ್ನ ಇಂಟರ್ನ್‌ಶಿಪ್ ಮುಗಿಯುತ್ತದೆ. ಒಂಬತ್ತರಲ್ಲಿ ಐದು ಮಕ್ಕಳು ಸಣ್ಣ ವಾಕ್ಯ ಓದುತ್ತಾರೆ. ನಾಲ್ಕು ಮಕ್ಕಳಿಗೆ ಒತ್ತಕ್ಷರ ಇನ್ನೂ ಬಂದಿಲ್ಲ. ನಾನು ಹೋದ ಮೇಲೆ ಅವರು ಏನಾಗುತ್ತಾರೆ ಟೀಚರ್? ರಾತ್ರಿಯೆಲ್ಲ ಅದೇ ಯೋಚನೆ.

ಉತ್ತರ

ಜುಲೈನ ಪತ್ರದಲ್ಲಿ ನೀನು "ನಾನು ಆಗುತ್ತೇನಾ" ಅಂತ ಕೇಳಿದ್ದೆ. ಈಗ "ಅವರು ಏನಾಗುತ್ತಾರೆ" ಅಂತ ಕೇಳುತ್ತಿದ್ದೀಯ. ನಿನ್ನ ಎರಡೂ ಪತ್ರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಫ್ರಾನ್ಸೆಸ್ ಫುಲ್ಲರ್ ಅನ್ನುವ ಅಮೆರಿಕದ ಶಿಕ್ಷಣ ತಜ್ಞೆ 1969ರಲ್ಲೇ ಇದನ್ನು ಬರೆದಿದ್ದರು. ಹೊಸ ಟೀಚರ್‌ನ ಚಿಂತೆ ಮೊದಲು ತನ್ನ ಬಗ್ಗೆಯೇ ಇರುತ್ತದೆ, ಮಗುವಿನ ಕಲಿಕೆಯ ಕಡೆ ತಿರುಗುವುದು ಆಮೇಲೆ ಅಂತ. ಅದಕ್ಕೇ ನಿನ್ನ ಜುಲೈನ ಅಳುವಿನಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರೂ ಅಲ್ಲಿಂದಲೇ ಹೊರಡುವುದು. ಎಷ್ಟೋ ಟೀಚರ್‌ಗಳಿಗೆ ಈ ತಿರುವು ಬರುವುದಕ್ಕೆ ವರ್ಷಗಟ್ಟಲೆ ಬೇಕಾಗುತ್ತದೆ. ನಿನಗೆ ಶೇಂಗಾ ಕಾಲಕ್ಕೇ ಬಂತು.

ಈಗ ಆ ನಾಲ್ಕು ಮಕ್ಕಳು. ಅವರನ್ನು ನೀನು ಕೈಯಿಂದ ಕೈಗೆ ಒಪ್ಪಿಸಬೇಕು. ಒಂದೊಂದು ಮಗುವಿಗೆ ಒಂದೊಂದು ಹಾಳೆ ತಗೋ. ಕಾಲೇಜಿಗೆ ಕೊಡುವ ವರದಿಯ ಭಾಷೆ ಬೇಡ. ಕಂಡದ್ದನ್ನು ಬರೆ. ಉದಾಹರಣೆಗೆ: "ಗುಣಿತಾಕ್ಷರ ಓದುತ್ತಾನೆ. ಒತ್ತು ಬಂದರೆ ನಿಂತುಬಿಡುತ್ತಾನೆ. ಅಮ್ಮ, ಅಕ್ಕ ಗೊತ್ತು. ಬೆಟ್ಟ ಓದಲಿಲ್ಲ, 'ಬೆಟ' ಅಂದ. ಎಲ್ಲರೆದುರು ಓದುವುದಕ್ಕೆ ನಾಚಿಕೆ, ಪಕ್ಕದಲ್ಲಿ ಕೂತರೆ ಓದುತ್ತಾನೆ. ಆಡುಗಳ ವಿಷಯ ಬಂದರೆ ಮಾತು ನಿಲ್ಲಿಸುವುದಿಲ್ಲ." ಇಂಥ ಐದು ಸಾಲು ಒಂದು ಅಂಕಪಟ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಾಳೆಗಳನ್ನು ಕ್ಲಾಸ್ ಟೀಚರ್ ಕೈಗೆ ಕೊಡುವ ಮೊದಲು, ಒಂದು ಸಲ ಅವರ ಜೊತೆ ಕೂತು ಓದು. ಬಿಸಿಯೂಟದ ನಂತರದ ಹತ್ತು ನಿಮಿಷವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನೇರವಾಗಿ ಕೇಳು. ಟೀಚರ್‌ಗೆ ಆಗದಿದ್ದರೆ, ಚೆನ್ನಾಗಿ ಓದುವ ಆರನೇ ತರಗತಿಯ ಮಕ್ಕಳು ನಾಲ್ಕು ಜನ ಸಾಕು. ಒಬ್ಬರಿಗೆ ಒಬ್ಬರು. ದೊಡ್ಡ ಮಕ್ಕಳು ಇದನ್ನು ಬಹಳ ಹೆಮ್ಮೆಯಿಂದ ಮಾಡುತ್ತಾರೆ, ನಾನು ನೋಡಿದ್ದೇನೆ.

ಮಕ್ಕಳಿಗೆ ಶನಿವಾರದ ವಿಷಯ ಇವತ್ತೇ ಹೇಳು. ಕೊನೆಯ ದಿನ ಹೇಳಿದರೆ ಕೆಲವು ಮಕ್ಕಳು ಸೋಮವಾರವೂ ಗೇಟಿನ ಹತ್ತಿರ ಕಾಯುತ್ತಾರೆ. ಮತ್ತೆ ಬರುತ್ತೀಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಬರುತ್ತೇನೆ ಅನ್ನಬೇಡ. ಬೇಕಾದರೆ ಒಂದು ಕಾಗದ ಬರೆಯುತ್ತೇನೆ ಅನ್ನು, ಮತ್ತು ಬರೆ. ಆ ನಾಲ್ವರಿಗೆ ಬೇರೆ ಬೇರೆ ಬರೆ, ಒಬ್ಬೊಬ್ಬರಿಗೆ ಎಷ್ಟು ಓದಲು ಬರುತ್ತದೋ ಅಷ್ಟೇ ಅಕ್ಷರಗಳಲ್ಲಿ.

ಪ್ರಶ್ನೆ: ನಾನು ಟ್ರೈನಿಂಗ್‌ಗೆ ಹೋಗಿರುವ ಶಾಲೆಯಲ್ಲಿ ಸರ್ ನನ್ನ ಕೈಗೆ ಕೋಲು ಕೊಟ್ಟು, "ಇದಿಲ್ಲದೆ ಇವರು ಬಗ್ಗಲ್ಲ" ಅಂದರು. ದೊಡ್ಡವರ ಮಾತು ತಳ್ಳುವುದು ಹೇಗೆ? (ಒಬ್ಬ ಪ್ರಶಿಕ್ಷಣಾರ್ಥಿ, ಹಾಸನ)

ಉತ್ತರ: ಕೋಲನ್ನು ತಗೊಂಡು ಕಪಾಟಿನ ಮೇಲೆ ಇಟ್ಟುಬಿಡಿ. "ಸರ್, ನನಗೆ ಇದು ಬರಲ್ಲ, ಬೇರೆ ತರ ನೋಡ್ತೀನಿ, ತಪ್ಪಾದರೆ ಹೇಳಿಕೊಡಿ" ಅನ್ನಿ. ಇದರಲ್ಲಿ ಅವರಿಗೂ ಮರ್ಯಾದೆ ಇದೆ, ನೀವೂ ಬಗ್ಗಿದ ಹಾಗಲ್ಲ. ಹೊಡೆಯುವುದು ಕಾನೂನಿನ ಪ್ರಕಾರವೂ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ದಿನಾ "ದಡ್ಡ" ಅಂತ ಕರೆಯುವುದೂ ಹಿಂಸೆಯೇ.

ಗದ್ದಲ ಕಡಿಮೆ ಮಾಡುವುದಕ್ಕೆ ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಒಳಗೆ ಹೋಗುವ ಮೊದಲೇ ಬೋರ್ಡ್ ಮೇಲೆ ಒಂದು ಸಣ್ಣ ಕೆಲಸ ಬರೆದಿರುತ್ತಿದ್ದೆ. ಮಕ್ಕಳು ಕೂತ ಕೂಡಲೇ ಕೈಗೆ ಕೆಲಸ. ಗದ್ದಲ ಎದ್ದರೆ ದನಿ ಏರಿಸುತ್ತಿರಲಿಲ್ಲ. ಒಂದು ತಾಳ ತಟ್ಟುತ್ತಿದ್ದೆ, ಅವರು ಅದೇ ತಾಳ ತಿರುಗಿ ತಟ್ಟಬೇಕು. ಎರಡು ಸಲ ತಟ್ಟುವಷ್ಟರಲ್ಲಿ ಶಾಂತ. "ಒಂದಕ್ಕೆ" ಸಮಸ್ಯೆಗೆ ಮೇಜಿನ ಮೇಲೆ ಒಂದು ಬೆಣಚುಕಲ್ಲು ಇಟ್ಟಿದ್ದೆ. ಕಲ್ಲು ತಗೊಂಡು ಹೋಗುವುದು, ಬಂದು ಇಡುವುದು. ನನ್ನನ್ನು ಕೇಳುವ ಹಾಗಿಲ್ಲ. ಕಲ್ಲು ಇಲ್ಲದಿದ್ದರೆ ಕಾಯಬೇಕು. ತೀರಾ ತಡೆಯಲಾಗದ ಮಗು ಕಲ್ಲಿಗೆ ಕಾಯದೆ ಓಡಲಿ.

ನಿಮ್ಮ ಎದುರಿಗೇ ಮಕ್ಕಳಿಗೆ ಏಟು ಬೀಳುತ್ತಿದ್ದರೆ ಮಾತ್ರ ಸುಮ್ಮನಿರಬೇಡಿ. ನಿಮ್ಮ ಕಾಲೇಜಿನ ಮಾರ್ಗದರ್ಶಕರಿಗೆ ಅವತ್ತೇ ತಿಳಿಸಿ. ಒಬ್ಬರೇ ಹೊರುವ ಭಾರ ಅಲ್ಲ ಅದು.

ಪ್ರಶ್ನೆ: ಪ್ರತಿ ವರ್ಷ ಟ್ರೈನಿಂಗ್‌ನವರು ಬರುತ್ತಾರೆ, ನಮ್ಮ ಸಿಲೆಬಸ್ ಹಿಂದೆ ಬೀಳುತ್ತದೆ. ಇವರಿಂದ ಶಾಲೆಗೆ ಏನು ಲಾಭ? (ಒಬ್ಬ ಶಿಕ್ಷಕರು, ತುಮಕೂರು)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಎನ್‌ಸಿಟಿಇಯ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮದಂತೆ ಡಿ.ಇಎಲ್.ಇಡಿ ಕೋರ್ಸಿನ ಎರಡು ವರ್ಷದಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಅಷ್ಟು ದಿನ ಅವರು ಬರೀ ನಿಮ್ಮ ಪಾಠ ತಗೊಂಡರೆ ನಿಮಗೆ ಕಷ್ಟವೇ. ಅದಕ್ಕೇ ಪಾಠದ ಜೊತೆ ಮಕ್ಕಳನ್ನೂ ಹಂಚಿಕೊಡಿ. "ಈ ಆರು ಮಕ್ಕಳಿಗೆ ಓದು ಬರಬೇಕು, ಅದು ನಿನ್ನ ಜವಾಬ್ದಾರಿ" ಅನ್ನಿ. ನೀವು ಉಳಿದ ಮಕ್ಕಳ ಜೊತೆ ಸಿಲೆಬಸ್ ಮುಗಿಸಿ. ಇನ್ನೊಂದು ವಿನಂತಿ. ಅವರನ್ನು ಸ್ಟಾಫ್ ರೂಮಿನ ದಾಖಲೆ ಬರೆಯುವುದಕ್ಕೆ, ಟೀ ತರಿಸುವುದಕ್ಕೆ ಬಳಸಬೇಡಿ. ನಿಮ್ಮ ಎದುರಿಗೆ ಈ ಕೆಲವು ತಿಂಗಳು ಕಲಿತದ್ದನ್ನು ಅವರು 30 ವರ್ಷ ಮಾಡುತ್ತಾರೆ.

ಪ್ರಶ್ನೆ: ಮಗಳಿಗೆ ಚಿಕ್ಕ ಮಕ್ಕಳ ಟೀಚರ್ ಆಗುವ ಆಸೆ. ಡಿ.ಇಎಲ್.ಇಡಿ ಮಾಡಿಸಬೇಕಾ, ಬಿ.ಇಡಿ ಮಾಡಿಸಬೇಕಾ? (ಒಬ್ಬ ತಂದೆ, ಬಾಗಲಕೋಟೆ)

ಉತ್ತರ: ಒಂದರಿಂದ ಐದನೇ ತರಗತಿ ಅಂದರೆ ಡಿ.ಇಎಲ್.ಇಡಿ. ಬಿ.ಇಡಿ ಆದವರೂ ಆ ತರಗತಿಗಳಿಗೆ ಬರಬಹುದು ಅಂತ 2018ರಲ್ಲಿ ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. ಅದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು. ಆಸೆ ಅವಳದೇ ಆಗಿದ್ದರೆ ಸೇರಿಸಿ.

ಪ್ರಶ್ನೆ: ನಾನು ಇರುವ ಹಳ್ಳಿ ಶಾಲೆಯಲ್ಲಿ ಮಕ್ಕಳು "ಹಸು" ಅಂತ ಹೇಳಿಕೊಟ್ಟರೆ "ಅಸು" ಅಂತ ಬರೆಯುತ್ತಾರೆ. "ಹಕ್ಕಿ" ಅಂದರೆ "ಅಕ್ಕಿ". ದಿನಾ ಹತ್ತು ಸಲ ಹೇಳಿಸಿದರೂ ತಿದ್ದುವುದಿಲ್ಲ. ನಾನು ಮಾಡುತ್ತಿರುವುದರಲ್ಲಿ ಏನು ತಪ್ಪು? (ಒಬ್ಬ ಪ್ರಶಿಕ್ಷಣಾರ್ಥಿ, ಮಂಡ್ಯ)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಖುಷಿ. ಮೊದಲು ಒಂದು ತಿಳಿದುಕೊಳ್ಳಿ. ಆ ಮಕ್ಕಳು ಕೇಳಿದ್ದನ್ನು ಸರಿಯಾಗಿಯೇ ಬರೆಯುತ್ತಿದ್ದಾರೆ. ಅವರ ಮನೆಯಲ್ಲಿ ಅವ್ವ "ಆಲು ಕುಡ್ಯೋ" ಅನ್ನುತ್ತಾಳೆ, ಅಜ್ಜ "ಅಸ ಬತ್ತದೆ" ಅನ್ನುತ್ತಾನೆ. ನಮ್ಮ ಮೈಸೂರು, ಮಂಡ್ಯದ ಕಡೆಯ ಹಳ್ಳಿಯ ಮಾತು ಅದು. ತಪ್ಪು ಮಾತಲ್ಲ. ಮಗು ನಿನ್ನೆ ಸಂಜೆ ಏನಾಯಿತು ಅಂತ ಆಸೆಯಿಂದ ಹೇಳುತ್ತಿರುವಾಗ ಮಧ್ಯೆ ಬಾಯಿ ಹಾಕಿ "ಅಸು ಅಲ್ಲ, ಹಸು" ಅಂದರೆ ಆ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ನಾಳೆ ಆ ಮಗು ಬಾಯಿ ಬಿಡುವುದಿಲ್ಲ. ಕಥೆ ಹೇಳುವಾಗ ಪೂರ್ತಿ ಕೇಳಿ. ತಿದ್ದುವ ಕೆಲಸ ಬರವಣಿಗೆಯ ಪೀರಿಯಡ್ಡಿಗೆ ಇರಲಿ.

ಬರವಣಿಗೆಗೆ ಹೀಗೆ ಮಾಡಿ. "ಮನೇಲಿ ಅಸು, ಪುಸ್ತಕದಲ್ಲಿ ಹಸು, ಎರಡೂ ಒಂದೇ ಪ್ರಾಣಿ" ಅಂತ ಹೇಳಿ. ಆಮೇಲೆ ಒಂದೊಂದು ಮಗುವಿಗೆ ಬೆರಳಗಲದ ತೆಳ್ಳನೆ ಕಾಗದದ ಚೂರು ಕೊಡಿ. ತುಟಿಯ ಮುಂದೆ ಹಿಡಿದುಕೊಂಡು "ಅಕ್ಕಿ" ಅನ್ನಲಿ. ಕಾಗದ ಅಷ್ಟಾಗಿ ಆಡುವುದಿಲ್ಲ. ಜೋರಾಗಿ ಉಸಿರು ಬಿಟ್ಟು "ಹಕ್ಕಿ" ಅನ್ನಲಿ. ಆಗ ಕಾಗದ ಆಡುತ್ತದೆ. ಕಿವಿಗೆ ಗೊತ್ತಾಗದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಾಲು, ಹಣ್ಣು, ಹೂವು, ಹಗ್ಗ, ಆನೆ, ಎಲೆ ಎಲ್ಲವನ್ನೂ ಮಕ್ಕಳೇ ಕಾಗದದ ಮುಂದೆ ಹೇಳಿ ನೋಡಿ, "ಹಾರುವ ಪದ", "ಹಾರದ ಪದ" ಅಂತ ಎರಡು ಪಟ್ಟಿ ಮಾಡಲಿ. ನಾನು ಇದನ್ನು ಮಾಡಿಸಿದಾಗ ಒಂದನೇ ತರಗತಿಯ ಒಂದು ಮಗು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಯಿತು. ಮಾರನೇ ದಿನ ಬಂದು, "ಟೀಚರ್, ನಮ್ಮಜ್ಜಿ ಯೋಳುದ್ರೆ ಕಾಗ್ದ ಆಡಾಕಿಲ್ಲ, ಅಜ್ಜಿಗೂ ಯೋಳ್ಕೊಟ್ಟೆ" ಅಂತು.